ಬಿಸಿಲುಮಚ್ಚಿಗೆ ಗೋಡೆ ಕಟ್ಟುವ ಮುನ್ನ

(ಕಾಚಿಗೂಡದಲ್ಲಿ ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ವಾರದ ರಜೆ ಇವುಗಳ ವಿಷಯವಾಗಿ ಈ ವೇದಿಕೆಯಿಂದ ಎಷ್ಟೋ ಸಲ ಮಾತನಾಡಿದ್ದೇವೆ. ಇವತ್ತು ನಾನು ಎತ್ತಿಕೊಂಡಿರುವುದು ಮನೆಯ ಮಾತು. ಇದು ಸಂಘದ ಕೆಲಸವೇ ಎಂದು ಕೆಲವರಿಗೆ ಅನ್ನಿಸಬಹುದು. ಹತ್ತು ತಾಸು ನಿಂತು ದುಡಿದವನು ಎಲ್ಲಿ ಮಲಗುತ್ತಾನೆ, ಅವನಿಗೆ ನಿದ್ದೆ ಬರುತ್ತದೆಯೇ ಇಲ್ಲವೇ ಎಂಬುದು ಸಂಘದ ಕೆಲಸವಲ್ಲದೆ ಮತ್ತಾರ ಕೆಲಸ?

ಈಚೆಗೆ ನಮ್ಮ ಕಚೇರಿಗೆ ಬಂದವರಲ್ಲಿ ಹಲವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. “ಮನೆಯ ಮೇಲೆ ಹತ್ತಡಿ ಹನ್ನೆರಡಡಿ ತೆರೆದ ಜಾಗ ಸುಮ್ಮನೆ ಬಿದ್ದಿದೆ. ಸುತ್ತ ಗಾಜು ಹಾಕಿ ಮೇಲೆ ತಗಡು ಹೊದಿಸಿದರೆ ಒಂದು ಕೋಣೆಯಾಗುತ್ತದಲ್ಲ?” ಒಬ್ಬರಿಗೆ ಮಗಳು ಓದಲು ಜಾಗ ಬೇಕು. ಒಬ್ಬರಿಗೆ ಊರಿನಿಂದ ಬಂದ ತಾಯಿಯನ್ನು ಚಳಿಗಾಲದ ಬಿಸಿಲಿನಲ್ಲಿ ಕೂರಿಸಬೇಕು. ಇನ್ನೊಬ್ಬರಿಗೆ ಬಾಡಿಗೆಯ ಆಸೆ. ಯಾರ ಆಸೆಯೂ ತಪ್ಪಲ್ಲ. ಆದರೆ ಆ ಜಾಗ “ಸುಮ್ಮನೆ ಬಿದ್ದಿದೆ” ಎಂಬ ಮಾತು ಮಾತ್ರ ಸರಿಯಲ್ಲ.

ಅದು ಏನೇನು ಮಾಡುತ್ತಿದೆ ನೋಡಿ. ಹಪ್ಪಳ ಸಂಡಿಗೆ ಒಣಗುವುದು ಅಲ್ಲಿ, ಬಟ್ಟೆ ಹರವುವುದು ಅಲ್ಲಿ. ಮೇ ತಿಂಗಳ ರಾತ್ರಿ ಒಳಗಿನ ಗೋಡೆಗಳು ಹಗಲು ಕುಡಿದ ಕಾವನ್ನು ಕಾರುತ್ತಿರುವಾಗ ಚಾಪೆ ಹಾಸಿಕೊಂಡು ಉಸಿರಾಡುವುದೂ ಅಲ್ಲೇ. ಗುಲಬರ್ಗಾ, ರಾಯಚೂರು, ಬೀದರಿನ ಕಡೆಯ ಅಣ್ಣಂದಿರಿಗೆ ಮಾಳಿಗೆಯ ಮೇಲೆ ಮಲಗುವ ಸುಖವನ್ನು ನಾನು ಹೇಳಿಕೊಡಬೇಕಾಗಿಲ್ಲ. ಆ ಜಾಗವನ್ನು ಮುಚ್ಚುವುದೆಂದರೆ ಇಷ್ಟು ಕೆಲಸ ಮಾಡುವ ಒಬ್ಬ ಆಳನ್ನು ಕೆಲಸದಿಂದ ಬಿಡಿಸಿದಂತೆ. ಬಿಡಿಸುವ ಮುನ್ನ ಆ ಕೆಲಸವನ್ನು ಇನ್ನು ಯಾರು ಮಾಡುತ್ತಾರೆಂದು ಕೇಳಿಕೊಳ್ಳಬೇಕು. ನಾನು ಹೇಳುವುದು ಇಷ್ಟೇ: ಮುಚ್ಚಿರಿ, ಆದರೆ ಗಾಳಿಯನ್ನೂ ಇಳಿಯುವ ದಾರಿಯನ್ನೂ ಮುಚ್ಚಬೇಡಿ.

ಮೊದಲು ಗಾಜಿನ ಮಾತು. ಸುತ್ತಲೂ ಗಾಜು ಹಾಕಿ ಬಿಸಿಲು ಕಾಯುವ ಕೋಣೆ ಚಳಿ ದೇಶದವರಿಗೆ ಒಪ್ಪುವಂಥದು. ಇಂಗ್ಲೆಂಡಿನಲ್ಲಿ 1845ರಲ್ಲಿ ಗಾಜಿನ ಮೇಲಿನ ಸುಂಕ ತೆಗೆದುಹಾಕಿದರು. 1851ರಲ್ಲಿ ಲಂಡನ್ನಿನಲ್ಲಿ ಗಾಜಿನ ಮಹಾ ಅರಮನೆ ಎದ್ದಿತು. ಅದರ ಮಾದರಿಯನ್ನು ನೋಡಿ ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಾಜಿನ ಮನೆ ಕಟ್ಟಿದರು. ಅದಕ್ಕೆ 1889ರಲ್ಲಿ ಅಡಿಗಲ್ಲು ಬಿತ್ತು. ಚಂದದ ಕಟ್ಟಡ, ಸಂದೇಹವಿಲ್ಲ. ಆದರೆ ಅದು ಹೂವಿನ ಪ್ರದರ್ಶನಕ್ಕೆ ಕಟ್ಟಿದ್ದು, ಯಾರೂ ಮಲಗಲಿಕ್ಕಲ್ಲ. ಗಾಜಿನ ಗುಣವೇ ಹಾಗೆ. ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಬೆಳಕು ನೆಲಕ್ಕೂ ಗೋಡೆಗೂ ತಗಲಿ ಕಾವಾದ ಮೇಲೆ ಆ ಕಾವನ್ನು ಹೊರಗೆ ಬಿಡುವುದಿಲ್ಲ. ಕಿಟಕಿ ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರಿನೊಳಗೆ ಕೈಯಿಟ್ಟವರಿಗೆ ಇದು ಗೊತ್ತು. ಬೇಸಗೆಯಲ್ಲಿ 40 ಡಿಗ್ರಿ ಮುಟ್ಟಿ ದಾಟುವ ಈ ಊರಿನಲ್ಲಿ ನಾಲ್ಕೂ ಕಡೆ ಗಾಜು ಹಾಕಿದರೆ ಆಗುವುದು ಇಡ್ಲಿ ಬೇಯುವ ಪಾತ್ರೆ.

ಹಾಗಾದರೆ ಗಾಜೇ ಬೇಡವೆ? ಬೇಕು. ಎಲ್ಲಿ ಎಂಬುದನ್ನು ಸೂರ್ಯನನ್ನು ಕೇಳಿ ಇಡಬೇಕು. ಹೈದರಾಬಾದಿನಲ್ಲಿ ವರ್ಷಕ್ಕೆ ಎರಡು ಸಲ, ಮೇ 9ರ ಸುಮಾರಿಗೆ ಮತ್ತು ಆಗಸ್ಟ್ 3ರ ಸುಮಾರಿಗೆ, ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ನೆಟ್ಟ ಕಂಬಕ್ಕೆ ನೆರಳಿರುವುದಿಲ್ಲ. ಆದುದರಿಂದ ಬೇಸಗೆಯ ಮಧ್ಯಾಹ್ನ ಬಿಸಿಲು ಬೀಳುವುದು ಮಾಡಿನ ಮೇಲೆ. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ಸರಿದು ಓರೆಯಾಗಿ ಬರುತ್ತಾನೆ. ದಕ್ಷಿಣದ ಕಡೆ ಕಿಟಕಿಯಿಟ್ಟು ಅದರ ಮೇಲೆ ಎರಡಡಿ ಸಜ್ಜಾ ಎಳೆದರೆ ಚಳಿಗಾಲದ ಬಿಸಿಲು ಒಳಗೆ ಬರುತ್ತದೆ, ಬೇಸಗೆಯ ನಡುಹಗಲಿನದು ಹೊರಗೇ ನಿಲ್ಲುತ್ತದೆ. ತಾಯಿಯ ಕುರ್ಚಿಯನ್ನು ಅಲ್ಲಿ ಹಾಕಿರಿ. ಉತ್ತರದ ಕಿಟಕಿಯಿಂದ ಓದುವವರಿಗೆ ತಂಪು ಬೆಳಕು. ನಮ್ಮ ಶತ್ರು ಪಡುವಣ. ಸಂಜೆ ನಾಲ್ಕು ಗಂಟೆಯ ಬಿಸಿಲು ಸಜ್ಜಾದ ಕೆಳಗೆ ನುಸುಳಿ ಎದೆಗೇ ಹೊಡೆಯುತ್ತದೆ. ಆ ಕಡೆ ಗಾಜು ಬೇಡ. ಗೋಡೆಯಿರಲಿ, ಇಲ್ಲವೆ ಬಿದಿರ ತಟ್ಟಿ ಕಟ್ಟಿರಿ.

ಗಾಳಿಯ ಮಾತನ್ನು ಹೋಟೆಲಿನವರಿಗೆ ಹೇಳುವುದು ಸುಲಭ. ಒಲೆಯ ಮೇಲಿನ ಚಿಮಣಿ ಹೊಗೆಯನ್ನು ಯಾವಾಗ ಎಳೆಯುತ್ತದೆ? ಕೆಳಗೆ ಬಾಗಿಲು ತೆರೆದಿದ್ದಾಗ. ಬಾಗಿಲು ಮುಚ್ಚಿದರೆ ಎಷ್ಟು ಎತ್ತರದ ಚಿಮಣಿಯಾದರೂ ಹೊಗೆ ಭಟ್ಟರ ಕಣ್ಣಿಗೇ. ಕೋಣೆಗೂ ಅದೇ ನ್ಯಾಯ. ಬಿಸಿ ಗಾಳಿ ಮೇಲಕ್ಕೇರುತ್ತದೆ. ಅದಕ್ಕೆ ಮಾಡಿನ ಹತ್ತಿರ ಒಂದು ಕಂಡಿ ಬೇಕು. ಅದು ಹೋದ ಜಾಗಕ್ಕೆ ತಂಪು ಗಾಳಿ ಬರಲು ಎದುರಿನ ಕಡೆ ಕೆಳಗೊಂದು ಕಂಡಿ ಬೇಕು. ಎರಡರಲ್ಲಿ ಒಂದಿದ್ದರೆ ಅರ್ಧ ಕೆಲಸವೂ ಆಗದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಒಣಸೆಖೆಯ ಪ್ರದೇಶಗಳಿಗೆ ಹೇಳಿರುವ ಅಳತೆ, ನೆಲದ ವಿಸ್ತಾರದ ಹತ್ತರಲ್ಲೊಂದು ಪಾಲಾದರೂ ಕಿಟಕಿ ಇರಬೇಕೆಂದು. 120 ಚದರಡಿಯ ಕೋಣೆಗೆ 12 ಚದರಡಿ. ಇಲ್ಲಿ ಒಂದು ಮೋಸವಿದೆ. ಈಗ ಎಲ್ಲರೂ ಹಾಕಿಸುವ ಜಾರುವ ಕಿಟಕಿಯಲ್ಲಿ ಒಂದು ಬಾಗಿಲು ಇನ್ನೊಂದರ ಹಿಂದೆ ನಿಲ್ಲುತ್ತದೆ. ಎಷ್ಟೇ ತೆರೆದರೂ ತೆರೆಯುವುದು ಅರ್ಧ. ಪೂರ್ತಿ ಗಾಳಿ ಬೇಕಾದರೆ ಕೀಲಿನ ಮೇಲೆ ತೆರೆಯುವ ಹಳೆಯ ಕಾಲದ ಕಿಟಕಿಯೇ ಮೇಲು.

ಇನ್ನು ಮಾಡು. ಬರಿಯ ತಗಡು ಅಗ್ಗ, ಬೇಗ ಏರುತ್ತದೆ. ಆದರೆ ಮೇ ತಿಂಗಳಲ್ಲಿ ಅದರಡಿ ಕುಳಿತವನು ಕಾದ ಹೆಂಚಿನ ಕೆಳಗೆ ಕುಳಿತಂತೆ. ತಗಡೇ ಗತಿಯಾದರೆ ಮೇಲೆ ಬಿಳಿ ಬಣ್ಣ ಬಳಿಯಿರಿ, ಕೆಳಗೆ ಒಂದು ಗೇಣು ಗಾಳಿ ಬಿಟ್ಟು ಒಳಮಾಡು ಕಟ್ಟಿರಿ, ಆ ಗಾಳಿ ಎರಡು ತುದಿಯಲ್ಲಿ ಹೊರಹೋಗಲು ಬಿಡಿ. ಬಿಳಿ ಮಾಡು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆಂಬುದು ಸುಣ್ಣ ಬಳಿಯುತ್ತಿದ್ದ ನಮ್ಮ ಹಿರಿಯರಿಗೆ ಗೊತ್ತಿತ್ತು; ತೆಲಂಗಾಣ ಸರಕಾರವೂ 2023ರಲ್ಲಿ ತಂಪು ಮಾಡುಗಳಿಗಾಗಿಯೇ ಒಂದು ನೀತಿಯನ್ನು ಹೊರಡಿಸಿತು. ಒಳಮಾಡಿಗೆ ಥರ್ಮೊಕೋಲ್ ಮಾತ್ರ ಬೇಡ. ಬೆಂಕಿ ಸೋಕಿದರೆ ಕರಗಿ ಉರಿಯುತ್ತ ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಆಸ್ಬೆಸ್ಟಾಸ್ ಹಲಗೆಯನ್ನೂ ತರಬೇಡಿ. ಅದನ್ನು ಕೊಯ್ಯುವಾಗ, ತೂತು ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೊಕ್ಕು ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ತರಬಲ್ಲದು. ಕೊಯ್ಯುವವನೂ ನಮ್ಮಂಥ ಒಬ್ಬ ಕೂಲಿಯವನೇ. ಕರಾವಳಿಯ ಬಂಧುಗಳು ಮಂಗಳೂರು ಹೆಂಚನ್ನು ನೆನೆಯುತ್ತಿರಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರು ಮಾಡಿದ ಆ ಹೆಂಚಿನ ಮಾಡು ಸಂದುಸಂದಿನಿಂದ ಉಸಿರಾಡುತ್ತದೆ. ಗೋಡೆಗೂ ಮರಕ್ಕೂ ತಾಕತ್ತಿದ್ದರೆ ಅದು ಇಂದಿಗೂ ಒಳ್ಳೆಯದೇ.

ತಾಕತ್ತಿನ ಮಾತು ಬಂದಿತು. ಹತ್ತಡಿ ಉದ್ದ, ಒಂಬತ್ತಡಿ ಎತ್ತರದ ಒಂದೇ ಒಂದು ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆ, ಗಿಲಾವು ಸೇರಿ, ಸುಮಾರು ಎರಡು ಟನ್ನು ತೂಗುತ್ತದೆ. ಎಂದರೆ ಐವತ್ತು ಕಿಲೋದ 40 ಅಕ್ಕಿ ಮೂಟೆಗಳನ್ನು ಒಂದೇ ಸಾಲಿನಲ್ಲಿ ಪೇರಿಸಿ, ಎಂದೆಂದಿಗೂ ಇಳಿಸದೆ ಬಿಟ್ಟಂತೆ. ತಾರಸಿಯನ್ನು ಕಟ್ಟುವಾಗ ಜನ ಓಡಾಡಲೆಂದು ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 150 ಕಿಲೋ. ಗೋಡೆಯ ಭಾರ ಆ ಲೆಕ್ಕದಲ್ಲಿ ಇಲ್ಲ. ಅಷ್ಟೇ ಜಾಗಕ್ಕೆ 5 ಮಿಲಿಮೀಟರಿನ ಗಾಜು ಹಾಕಿದರೆ ಚೌಕಟ್ಟು ಬಿಟ್ಟು ನೂರು ಕಿಲೋ ಚಿಲ್ಲರೆ. ಆದುದರಿಂದ ಕೆಳಗೆ ತೊಲೆಯೋ ಗೋಡೆಯೋ ಇಲ್ಲದ ಕಡೆ ಇಟ್ಟಿಗೆ ಏರಿಸಬೇಡಿ. ಗೋಡೆ ಬೇಕೆಂದ ಕಡೆ ಹಗುರ ಹಲಗೆ ಕೂರಿಸಿರಿ. ಗೋಡೆಯಿಂದ ಹೊರಕ್ಕೆ ಚಾಚಿರುವ ಬಾಲ್ಕನಿಯ ತುದಿಗೆ ಇಟ್ಟಿಗೆಯನ್ನು ಯಾವ ಕಾರಣಕ್ಕೂ ಇಡಬೇಡಿ. ಮೇಸ್ತ್ರಿ “ಏನೂ ಆಗುವುದಿಲ್ಲ” ಎನ್ನುತ್ತಾನೆ. ಒಬ್ಬ ಇಂಜಿನಿಯರನ್ನು ಕರೆದು ತೋರಿಸಿ, ಅವನ ಸಹಿಯನ್ನೂ ತೆಗೆದುಕೊಳ್ಳಿ.

ಮಳೆಯನ್ನು ಮರೆಯಬೇಡಿ. 2020ರ ಅಕ್ಟೋಬರಿನಲ್ಲಿ ಈ ನಗರ ಮುಳುಗಿದ್ದನ್ನು ಕಂಡಿದ್ದೀರಿ. ತಾರಸಿಯ ನೀರು ಇಳಿಯುವ ದೋಣಿ ಹೊಸ ಕೋಣೆಯ ಒಳಗೆ ಸಿಕ್ಕಿಬಿದ್ದರೆ ಮೊದಲ ಮಳೆಗೇ ಹಾಸಿಗೆ ತೇಲುತ್ತದೆ. ಹೊಸ ಮಾಡಿನ ನೀರು ಎಲ್ಲಿಗೆ ಹೋಗಬೇಕೆಂದು ಮೊದಲು ಗೊತ್ತುಮಾಡಿ, ಆಮೇಲೆ ಮಾಡು ಹೊದಿಸಿರಿ. ಪಕ್ಕದ ಮನೆಯ ಗೋಡೆಗೆ ಸುರಿಯುವಂತೆ ಮಾಡಿದರೆ ಆ ಜಗಳ ಸಂಘಕ್ಕೆ ಬರುತ್ತದೆ!

ಬಾಡಿಗೆಯ ಮನೆಯಾದರೆ ಮನೆಯೊಡೆಯರ ಬಾಯಿಮಾತು ಸಾಲದು, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಿಟ್ಟುಹೋಗುವಾಗ ಕಿಟಕಿ, ತಗಡು ಯಾರವು ಎಂಬುದೂ ಆ ಕಾಗದದಲ್ಲೇ ಇರಲಿ. ನಗರಪಾಲಿಕೆಯ ಅನುಮತಿಯಿಲ್ಲದೆ ಕಟ್ಟಿದ ಕೋಣೆ ನಮ್ಮ ದುಡ್ಡು ತಿಂದು ಒಂದು ದಿನ ನಮ್ಮ ಕಣ್ಣೆದುರೇ ಉರುಳಬಹುದು.

ಇಷ್ಟು ಹೊತ್ತು ಸಂಸಾರಸ್ಥರ ಮನೆಯ ಮಾತಾಯಿತು. ಈಗ ಮನೆಯೇ ಇಲ್ಲದವರ ಮಾತು.

ನಾನು ಲೋಟ ತೊಳೆಯುತ್ತಿದ್ದ ಕಾಲದಲ್ಲಿ ಒಂದು ಹೋಟೆಲಿನ ತಾರಸಿಯ ಮೇಲೆ ಒಂಬತ್ತು ಜನ ಮಲಗುತ್ತಿದ್ದೆವು. ಮಳೆ ಬಂದರೆ ಚಾಪೆ ಸುತ್ತಿಕೊಂಡು ಮೆಟ್ಟಿಲಿಗೆ ಓಡುತ್ತಿದ್ದೆವು. ಧಣಿಗಳು ಕನಿಕರಪಟ್ಟು ತಗಡು ಹೊದಿಸಿ, ಸುತ್ತ ಹಲಗೆ ಬಡಿಸಿದರು. ಹುಡುಗರೆಲ್ಲ ಕೈಮುಗಿದರು. ಆರು ತಿಂಗಳಲ್ಲಿ ಒಂಬತ್ತು ಹದಿನಾರಾಯಿತು. ಏಕೆಂದರೆ ಅದು ಈಗ ತಾರಸಿಯಲ್ಲ, ಕೋಣೆ! ಒಂದು ಮೂಲೆಗೆ ಎಣ್ಣೆಯ ಡಬ್ಬಗಳು ಬಂದವು, ಇನ್ನೊಂದು ಮೂಲೆಗೆ ಖಾಲಿ ಗ್ಯಾಸ್ ಸಿಲಿಂಡರುಗಳು. ಇಳಿಯಲು ಇದ್ದದ್ದು ಅಡಿಗೆಮನೆಯ ಪಕ್ಕದ ಒಂದೇ ಮೆಟ್ಟಿಲು. ರಾತ್ರಿ ಕೆಳಗಿನ ಬಾಗಿಲಿಗೆ ಹೊರಗಿನಿಂದ ಬೀಗ. ದೇವರ ದಯೆಯಿಂದ ನಮಗೇನೂ ಆಗಲಿಲ್ಲ.

ಎಲ್ಲರಿಗೂ ಆ ದಯೆ ಸಿಕ್ಕುವುದಿಲ್ಲ. 2022ರ ಮಾರ್ಚ್ 23ರ ಬೆಳಗಿನ ಜಾವ, ಇಲ್ಲಿಂದ ಬಹಳ ದೂರವೇನೂ ಇಲ್ಲದ ಸಿಕಂದರಾಬಾದಿನ ಬೋಯಿಗುಡದಲ್ಲಿ, ಗುಜರಿ ಗೋದಾಮಿನ ಮೇಲೆ ಮಲಗಿದ್ದ ಬಿಹಾರದ 11 ಮಂದಿ ಕಾರ್ಮಿಕರು ಬೆಂಕಿಗೆ ಆಹುತಿಯಾದರು. ಬೆಂಕಿ ಕೆಳಗೆ, ಅವರು ಮೇಲೆ. ಇಳಿಯುವ ದಾರಿ ಬೆಂಕಿಯ ನಡುವೆ. ಹೊರಕ್ಕೆ ಧುಮುಕಿದ ಒಬ್ಬನು ಉಳಿದನು. 2025ರ ಮೇ 18ರಂದು ಚಾರ್‌ಮಿನಾರಿನ ಹತ್ತಿರ ಗುಲ್ಜಾರ್ ಹೌಜಿನಲ್ಲಿ ಅಂಗಡಿಗಳ ಮೇಲಿನ ಮನೆಯಲ್ಲಿ 17 ಜನ ಸತ್ತರು. ಅದರಲ್ಲಿ ಎಂಟು ಮಕ್ಕಳು. ಅಲ್ಲಿಯೂ ಒಳಹೊರಗಿನ ದಾರಿ ಇಕ್ಕಟ್ಟಿನದು. ಇವರಾರೂ ಬೆಂಕಿಯೊಡನೆ ಆಟವಾಡಲು ಹೋದವರಲ್ಲ. ಮಲಗಿದ್ದವರು.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಕಾಚಿಗೂಡ ಚೌರಸ್ತಾದಿಂದ ಬರ್ಕತ್‌ಪುರದವರೆಗೆ ತಲೆಯೆತ್ತಿ ನಡೆದರೆ ಎಷ್ಟು ತಾರಸಿಗಳ ಮೇಲೆ ತಗಡಿನ ಕೋಣೆ ಎದ್ದಿವೆಯೆಂದು ನೀವೇ ಎಣಿಸಬಹುದು. ಅವುಗಳಲ್ಲಿ ರಾತ್ರಿ ಮಲಗುವವರು ಯಾರು? ಊರಿನಿಂದ ನಿನ್ನೆ ಮೊನ್ನೆ ರೈಲಿಳಿದ ಹುಡುಗರು. ಅವರಿಗೆ ಕೇಳುವ ಧೈರ್ಯವಿಲ್ಲ. ತಲೆಯ ಮೇಲೊಂದು ಮಾಡು ಸಿಕ್ಕಿತಲ್ಲ ಎಂಬ ಸಮಾಧಾನ. ಅವರ ಪರವಾಗಿ ಕೇಳಬೇಕಾದವರು ನಾವು.

ಆದುದರಿಂದ ಸಭೆಯ ಮುಂದೆ ಒಂದು ಸೂಚನೆ ಇಡುತ್ತೇನೆ. ನಮ್ಮ ಸದಸ್ಯರು ಮಲಗುವ ಪ್ರತಿಯೊಂದು ತಾರಸಿ ಕೋಣೆಯನ್ನೂ ಸಂಘದ ಇಬ್ಬರು ಹೋಗಿ ನೋಡಿಬರಲಿ. ಹಗಲು ಬೇಡ, ರಾತ್ರಿ ಹನ್ನೊಂದಕ್ಕೆ ಹೋಗಲಿ. ಆಗಲೇ ನಿಜ ಕಾಣುವುದು. ನೋಡಬೇಕಾದುದು ಐದು ವಿಷಯ. ಇಳಿಯಲು ಅಡಿಗೆಮನೆಗೆ ಸಂಬಂಧವಿಲ್ಲದ ಎರಡನೆಯ ದಾರಿ ಇದೆಯೆ? ಬಾಗಿಲು ಒಳಗಿನಿಂದ ಬೀಗದ ಕೈಯಿಲ್ಲದೆ ತೆರೆಯುತ್ತದೆಯೆ? ಮೇಲೊಂದು ಕೆಳಗೊಂದು ಗಾಳಿಕಂಡಿ ಇದೆಯೆ? ಎಣ್ಣೆ, ಸಿಲಿಂಡರು, ಬ್ಯಾಟರಿ ಒಳಗಿಲ್ಲವೆ? ಎಷ್ಟು ಜನಕ್ಕೆಂದು ಕಟ್ಟಿದರೋ ಅಷ್ಟೇ ಜನ ಇದ್ದಾರೆಯೆ? ಕೊರತೆ ಕಂಡಲ್ಲಿ ಮೊದಲು ಧಣಿಗಳ ಬಳಿ ಕೂತು ವಿನಯದಿಂದ ಮಾತನಾಡೋಣ. ಎಷ್ಟೋ ಧಣಿಗಳು ತಾವೂ ತಾರಸಿಯ ಮೇಲೆ ಮಲಗಿ ಮೇಲೆ ಬಂದವರು. ತಿಳಿಸಿ ಹೇಳಿದರೆ ತಿಳಿಯುತ್ತಾರೆ. ತಿಳಿಯದಿದ್ದರೆ ಬರೆದು ಕೊಡೋಣ. ಅದಕ್ಕೂ ಜಗ್ಗದಿದ್ದರೆ ಅಗ್ನಿಶಾಮಕ ಇಲಾಖೆಯ ಬಾಗಿಲು ಎಲ್ಲರಿಗೂ ತೆರೆದಿದೆ.

ಬೇಸಗೆ ಬರುವ ಮುನ್ನ ಈ ತಪಾಸಣೆ ಮುಗಿಯಬೇಕು. ರಾತ್ರಿ ಹನ್ನೊಂದರವರೆಗೆ ಎಚ್ಚರವಿರಬಲ್ಲವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿರಿ. ಮನೆಯ ಮೇಲೆ ಕೋಣೆ ಹಾಕಿಸಬೇಕೆಂದಿರುವವರೂ ಅಳತೆಯ ಚೀಟಿ ಹಿಡಿದು ಬನ್ನಿರಿ. ಯಾವ ಕಡೆ ಕಿಟಕಿ, ಯಾವ ಕಡೆ ಗೋಡೆ ಎಂಬುದನ್ನು ಕೂತು ನೋಡೋಣ.