ಟೇಪು ಹಿಡಿದವರು ಯಾರು?



ನಕ್ಷತ್ರಗಳ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಅಲ್ಲೀತನಕ ಟೇಪು ಹಿಡಿದವರು ಯಾರು?" ಎಂದು ಕೇಳಿದಳು. ತರಗತಿ ನಕ್ಕಿತು. "ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ, ಕುಳಿತುಕೋ" ಎಂದುಬಿಟ್ಟೆ. ಅದು ಉತ್ತರವಾಗಿರಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತೇನೆ.

ರಾತ್ರಿ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವಾಗ ಎದುರಿಗೆ ಒಂದೇ ದೀಪ ಕಾಣುತ್ತದೆ. ಹತ್ತಿರದ ಸೈಕಲ್ಲಿನದೋ, ದೂರದ ಲಾರಿಯದೋ? ದೂರ ತಿಳಿಯದೆ ದೀಪದ ಶಕ್ತಿ ತಿಳಿಯದು.

2004ರ ಡಿಸೆಂಬರ್ 27ರಂದು ಎಸ್‌ಜಿಆರ್ 1806-20 ಎಂಬ ನಕ್ಷತ್ರ ಸ್ಫೋಟಿಸಿದಂತೆ ಮಿಂಚಿತು. ಅದರ ಗಾಮಾ ಕಿರಣಗಳು ನಮ್ಮ ವಾತಾವರಣದ ಮೇಲ್ಪದರವನ್ನೂ ತಟ್ಟಿದವು. ಅದೊಂದು ಮ್ಯಾಗ್ನೆಟಾರ್, ಅಂದರೆ ಅತಿ ಪ್ರಬಲ ಕಾಂತಶಕ್ತಿಯ ನ್ಯೂಟ್ರಾನ್ ನಕ್ಷತ್ರ. ಇಂಥ ನಕ್ಷತ್ರದ ಅಡ್ಡಳತೆ ಸುಮಾರು 20 ಕಿ.ಮೀ.; ಬೆಳಗಾವಿ-ಖಾನಾಪುರದ ನಡುವೆ ಕೂಡಬಹುದಾದಷ್ಟು. ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು.

ಅದರ ದೂರ ಸುಮಾರು 49,000 ಜ್ಯೋತಿರ್ವರ್ಷ ಎಂದು ಮೊದಲು ಎಣಿಸಿದ್ದರು. ಸ್ಫೋಟದ ನಂತರ ಹೊರಟ ರೇಡಿಯೋ ಅಲೆಗಳನ್ನು ಅಮೆರಿಕದ ದೂರದರ್ಶಕಗಳೂ ಪುಣೆ ಬಳಿಯ ಜಿಎಂಆರ್‌ಟಿಯೂ ಹಿಡಿದವು. ಆ ತಂಡದಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರಿದ್ದರು. 2024ರಲ್ಲಿ ಅವರಿಗೆ ಶಾ ಪ್ರಶಸ್ತಿ ಬಂತು.

ಅಳೆದದ್ದು ಹೇಗೆ? ದಾರಿಯಲ್ಲಿನ ಜಲಜನಕದ ಮೋಡಗಳು 21 ಸೆಂ.ಮೀ. ರೇಡಿಯೋ ಅಲೆಯನ್ನು ಹೀರುತ್ತವೆ. ರೈಲು ಬರುವಾಗ, ಹೋಗುವಾಗ ಸಿಳ್ಳಿನ ಸ್ವರ ಬದಲಾಗುವಂತೆ, ಮೋಡದ ವೇಗಕ್ಕೆ ತಕ್ಕಂತೆ ಈ ಅಲೆಯ ಉದ್ದವೂ ತುಸು ಬದಲಾಗುತ್ತದೆ. ಆಕಾಶಗಂಗೆ ಸುತ್ತುವ ರೀತಿ ಗೊತ್ತಿರುವುದರಿಂದ, ವೇಗದಿಂದ ಮೋಡದ ಜಾಗ ತಿಳಿಯುತ್ತದೆ. ಯಾವ ಮೋಡ ಅಲೆಯನ್ನು ಹೀರಿತೋ ಅದರಾಚೆ ನಕ್ಷತ್ರವಿದೆ; ಹೀರದ ಮೋಡಕ್ಕಿಂತ ಈಚೆ ಇರಬೇಕು. 2005ರಲ್ಲಿ ಬಂದ ಉತ್ತರ: 21,000ದಿಂದ 32,000 ಜ್ಯೋತಿರ್ವರ್ಷ.

ಎಲ್ಲರೂ ಒಪ್ಪಲಿಲ್ಲ. ಮೋಡಗಳ ನಡುವೆ ಖಾಲಿ ಜಾಗವಿದ್ದರೆ ಮೇಲಿನ ಮಿತಿ ನಿಲ್ಲದು ಎಂದು ಕೆಲವರು ವಾದಿಸಿದರು. 2008ರಲ್ಲಿ ಬೇರೆಯವರು ಅದೇ ಗುಂಪಿನ ನಕ್ಷತ್ರಗಳ ನಿಜವಾದ ಪ್ರಕಾಶವನ್ನು ಲೆಕ್ಕಹಾಕಿ ಸುಮಾರು 28,000 ಎಂದರು. ಅದರಲ್ಲೂ ಐದಾರು ಸಾವಿರ ಹೆಚ್ಚುಕಡಿಮೆ ಆಗಬಹುದು. ದೂರ 49,000ದಿಂದ 28,000ಕ್ಕೆ ಇಳಿದರೆ ಸ್ಫೋಟದ ಶಕ್ತಿ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ.

ಆದ್ದರಿಂದ ಮಗಳೇ, ನಿನ್ನ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ದೊಡ್ಡ ವಿಜ್ಞಾನಿಗಳೂ ಒಬ್ಬರನ್ನೊಬ್ಬರು ಅದನ್ನೇ ಕೇಳುತ್ತಾರೆ. ಇನ್ನು ಮೇಲೆ ನನ್ನ ತರಗತಿಯಲ್ಲಿ ಅಂಕಿಯ ಜೊತೆಗೆ ಅಳೆದ ಬಗೆಯನ್ನೂ ಹೇಳುತ್ತೇನೆ. ಮರೆತರೆ, ಎದ್ದು ನಿಂತು ಕೇಳಿರಿ.