ಕಾರವಾರದ ಬಿಸಿಲು ಬೇರೆ

(ದೇಸೂರಿನ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಶಿವರಾತ್ರಿ ಮುಗಿದ ಮೇಲೆ ನಾವೆಲ್ಲ ಕಾರವಾರಕ್ಕೆ ಹೋಗುವುದು ಎಂದು ಗೊತ್ತಾಗಿದೆ. ನಮ್ಮಲ್ಲಿ ಬಹಳ ಮಂದಿ ಸಮುದ್ರ ನೋಡಿಲ್ಲ. ಬುತ್ತಿಗೆ ಏನು ಕಟ್ಟೂಣು ಎಂಬ ಮಾತು ಈಗಲೇ ಸುರು ಆಗಿದೆ. ಅದು ಆಗಲಿ. ಇವತ್ತು ಅಲ್ಲಿಯ ಹವೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

ಹೋದ ಸಲ ನಮಗೆ ಇದು ತಿಳಿದಿರಲಿಲ್ಲ. "ನಾವು ಹೊಲದಾಗ ದುಡಿಯೋ ಮಂದಿ. ನಮಗ ಬಿಸಲು ಹೊಸದೇನ್ರಿ?" ಎಂದು ನಡು ಮಧ್ಯಾಹ್ನ ಉಸುಕಿನ ಮೇಲೆ ತಿರುಗಿದೆವು. ನಮ್ಮ ಜೊತೆ ಬಂದ ಒಬ್ಬ ಅಜ್ಜಿ ತಲೆ ತಿರುಗಿ ಕುಸಿದರು. ಅವರ ಮಾತು ತೊದಲಿತು. ನಮಗೆ ಕೈಕಾಲು ನಡುಗಿದವು. ನೆರಳಿಗೆ ಒಯ್ದೆವು. ಮೈಗೆ ತಣ್ಣೀರು ಒರೆಸಿ ಸೆರಗಿನಿಂದ ಗಾಳಿ ಹಾಕಿದೆವು. ರಿಕ್ಷಾ ಹಿಡಿದು ದವಾಖಾನೆಗೆ ಓಡಿದೆವು. ಸಂಜೆಗೆ ಅಜ್ಜಿ ಚೇತರಿಸಿಕೊಂಡರು.

ಯಾಕೆ ಹೀಗಾಯಿತು?

ನಮ್ಮ ಬೆಳಗಾವಿ ಸೀಮೆ ಸಮುದ್ರಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ. ಫೆಬ್ರುವರಿಯಲ್ಲಿ ಇಲ್ಲಿ ನಸುಕಿಗೆ 15-16 ಡಿಗ್ರಿ. ಕಾರವಾರದಲ್ಲಿ ಸುಮಾರು 20 ಡಿಗ್ರಿ. ಮಧ್ಯಾಹ್ನ ಮಾತ್ರ ಎರಡೂ ಕಡೆ ಹೆಚ್ಚು ಕಡಿಮೆ 32. ಅಂಕಿ ಒಂದೇ. ಆದರೆ ಮೈಗೆ ಒಂದೇ ಅಲ್ಲ.

ಮಣ್ಣಿನ ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೆ? ಗಡಿಗೆ ಜಿನುಗುತ್ತದೆ. ಆ ನೀರು ಗಾಳಿಗೆ ಆರುತ್ತದೆ. ಆರುವಾಗ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ನಮ್ಮ ಮೈಯೂ ಒಂದು ಗಡಿಗೆ. ಬೆವರು ಆರಿದರೆ ಮೈ ತಂಪು. ನಮ್ಮೂರ ಗಾಳಿ ಒಣಗಾಳಿ. ಒಗೆದ ಸೀರೆ ನೋಡುನೋಡುತ್ತಲೇ ಒಣಗುತ್ತದೆ. ಸಮುದ್ರದ ದಂಡೆಯ ಗಾಳಿಯಲ್ಲಿ ಮೊದಲೇ ನೀರಿನ ಆವಿ ತುಂಬಿರುತ್ತದೆ. ಅಲ್ಲಿ ಬೆವರು ಇಳಿಯುತ್ತದೆ, ಆರುವುದಿಲ್ಲ. ಮೈಯೊಳಗಿನ ಕಾವು ಒಳಗೇ ಉಳಿಯುತ್ತದೆ.

ಅದಕ್ಕೇ ಹವಾಮಾನ ಇಲಾಖೆಯ ಲೆಕ್ಕವೂ ಬೇರೆ. ಬಿಸಿ ಅಲೆ ಎಂದು ಹೇಳಬೇಕಾದರೆ ಬಯಲು ಸೀಮೆಯಲ್ಲಿ 40 ಡಿಗ್ರಿ ಮುಟ್ಟಬೇಕು. ಕರಾವಳಿಯಲ್ಲಿ 37 ಮುಟ್ಟಿದರೂ ಎಚ್ಚರಿಕೆ ಕೊಡುತ್ತಾರೆ. 2025ರಲ್ಲಿ ಫೆಬ್ರುವರಿ ಕೊನೆಯ ವಾರದಲ್ಲೇ ನಮ್ಮ ಕರಾವಳಿಗೆ ಅಂಥ ಎಚ್ಚರಿಕೆ ಬಂದಿತ್ತು. ಆಗಿನ್ನೂ ಹೋಳಿ ಹುಣ್ಣಿಮೆಯೂ ಆಗಿರಲಿಲ್ಲ ನೋಡ್ರಿ!

ಹಾಗಂತ ಹೆದರಬೇಡಿರಿ. ಹೋಗಲು ಇದು ಒಳ್ಳೆಯ ಕಾಲವೇ. ಮಳೆ ಇಲ್ಲ. ಮಾವು, ಗೇರು ಹೂ ಬಿಟ್ಟಿರುತ್ತವೆ. ಹೋಳಿಯ ಹೊತ್ತಿಗೆ ಹೋದವರಿಗೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವೂ ಕಾಣಸಿಗುತ್ತದೆ. ಹೊತ್ತು ನೋಡಿ ತಿರುಗಬೇಕು, ಅಷ್ಟೇ.

ಬೆಳಿಗ್ಗೆ ಹತ್ತರ ತನಕ ತಿರುಗಾಡೋಣ. ಆಮೇಲೆ ನೆರಳು ಹಿಡಿಯೋಣ. ಒಲೆಯ ಮೇಲೆ ರೊಟ್ಟಿಯ ಹಂಚು ಬೇಗ ಕಾಯುತ್ತದೆ. ನೀರಿನ ಹಂಡೆ ತಡವಾಗಿ ಕಾಯುತ್ತದೆ. ಹಾಗೆಯೇ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಸಮುದ್ರ ಕಾಯುವುದಿಲ್ಲ. ಕಾದ ನೆಲದ ಮೇಲಿನ ಗಾಳಿ ಮೇಲೇರುತ್ತದೆ. ಆ ಜಾಗಕ್ಕೆ ಸಮುದ್ರದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ಮುಖಕ್ಕೆ ತಂಪು ಬಡಿಯುವುದು ಇದೇ. ರಾತ್ರಿ ಗಾಳಿ ತಿರುಗಿ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ. ಹಾಯಿ ದೋಣಿಯ ಕಾಲದಲ್ಲಿ ಮೀನುಗಾರರು ನಸುಕಿನ ಗಾಳಿಗೆ ಹೋಗಿ ಮಧ್ಯಾಹ್ನದ ಗಾಳಿಗೆ ಮರಳುತ್ತಿದ್ದರು. ಶಾಲೆ ಕಲಿಯದಿದ್ದರೂ ಅವರಿಗೆ ಗಾಳಿಯನ್ನು ಓದಲು ಬರುತ್ತಿತ್ತು.

ಸಂಜೆ ಟ್ಯಾಗೋರ್ ದಂಡೆಗೆ ಹೋಗೋಣ. ಕವಿ ರವೀಂದ್ರನಾಥ ಟ್ಯಾಗೋರರು ಚಿಕ್ಕ ವಯಸ್ಸಿನಲ್ಲಿ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಅದಕ್ಕೆ ಆ ಹೆಸರು. ನೀರಿನಲ್ಲಿ ಮೊಣಕಾಲಿನ ತನಕ ಮಾತ್ರ ಇಳಿಯಿರಿ. ಮಕ್ಕಳ ಕೈ ಬಿಡಬೇಡಿರಿ.

ಬಾಯಾರುವ ತನಕ ಕಾಯದೆ ನೀರು ಕುಡಿಯಿರಿ. ಎಳನೀರು, ಮಜ್ಜಿಗೆ ಒಳ್ಳೆಯದು. ಯಾರಿಗಾದರೂ ಸುಸ್ತಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿರಿ. ಚಮಚ ಮಟ್ಟಸವಾಗಿರಲಿ. ಸ್ವಲ್ಪ ಸ್ವಲ್ಪವೇ ಕುಡಿಸಿರಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿರಿ. 108ಕ್ಕೆ ಫೋನ್ ಮಾಡಿರಿ.

ಬಸ್ಸು ನಸುಕಿನ 3 ಗಂಟೆಗೆ ಹೊರಡುತ್ತದೆ. ಇಲ್ಲಿ ಚಳಿ ಇರುತ್ತದೆ, ಚಾದರ ತನ್ನಿರಿ. ಘಟ್ಟ ಇಳಿದ ಮೇಲೆ ಮಡಚಿ ಇಡೋಣ. ಬರುವವರು ಇವತ್ತೇ ಹೆಸರು ಬರೆಯಿರಿ. ಆ ಅಜ್ಜಿ ನಿನ್ನೆಯೇ ಬರೆದಿದ್ದಾರೆ. ಹೋದ ಸಲ ಹೆಬ್ಬೆಟ್ಟು ಒತ್ತಿದ್ದರು, ಈ ಸಲ ಸಹಿ ಮಾಡಿದ್ದಾರೆ.