ಮನೆ ಬಳಕೆಯ ನೀರು ಮತ್ತು ಕರೆಂಟು: ನಾವು ಕಂಡ ಲೆಕ್ಕ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮಗೆ ಭಾಷಣ ಮಾಡಿ ರೂಢಿಯಿಲ್ಲ. ಓದಿದ್ದು ಎಸ್.ಎಸ್.ಎಲ್.ಸಿ. ತನಕ ಅಷ್ಟೆ. ನಮ್ಮ ಕಾರ್ಯದರ್ಶಿಗಳು ‘ಮನೆ ಬಳಕೆಯಲ್ಲಿ ನೀರು ಮತ್ತು ವಿದ್ಯುತ್ ಉಳಿತಾಯ’ ಅಂತ ಬರೆದ ಚೀಟಿ ಕೈಗೆ ಕೊಟ್ಟಾಗ, ಇದನ್ನು ಹೆಣ್ಣುಮಕ್ಕಳು ಯಾರಾದರೂ ಮಾತಾಡಿದರೆ ಚೆನ್ನಾಗಿರುತ್ತದೆ ಎಂದೆವು. ಅದಕ್ಕೆ ಅವರು, “ನೀರು ತುಂಬೋರು ಅವರು, ಚೆಲ್ಲೋರು ನೀವು, ಅದಕ್ಕೇ ನೀವು ಮಾತಾಡಿ” ಎಂದರು. ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆದ್ದರಿಂದ ನಿಮ್ಮ ಮುಂದೆ ನಿಂತಿದ್ದೇವೆ.

ಮೊದಲಿಗೆ ಒಂದು ಮಾತು. ನೀರಿನ ಉಳಿತಾಯ ಬೇರೆ, ಕರೆಂಟಿನ ಉಳಿತಾಯ ಬೇರೆ ಅಂತ ಚೀಟಿಯಲ್ಲಿ ಬರೆದಂತೆ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಇವೆರಡೂ ಒಂದೇ. ನಾವು ಹುಡುಗರಾಗಿದ್ದಾಗ ಊರ ಮುಂದೆ ಕೈಪಂಪಿನ ಬೋರಿಂಗು ಇತ್ತು. ಜಗ್ಗಿ ಜಗ್ಗಿ ರಟ್ಟೆ ನೋವು ಬಂದಾಗ ಒಂದು ಕೊಡ ನೀರಿನ ಬೆಲೆ ತಾನಾಗಿಯೇ ಗೊತ್ತಾಗುತ್ತಿತ್ತು. ನಮ್ಮ ತಾತನವರ ತೆರೆದ ಬಾವಿ 40 ಅಡಿ. ನಮ್ಮ ತಂದೆಯವರು 1998ರಲ್ಲಿ ಕೊರೆಸಿದ ಬೋರು 210 ಅಡಿ. 2017ರಲ್ಲಿ ನಾವು ಕೊರೆಸಿದ್ದು 720 ಅಡಿ, ಬಂದದ್ದು ಒಂದೂವರೆ ಇಂಚು ನೀರು. ಡಿಪ್ಲೊಮಾ ಓದುವ ನಮ್ಮ ಅಣ್ಣನ ಮಗನನ್ನು ಕೂರಿಸಿಕೊಂಡು ಲೆಕ್ಕ ಹಾಕಿಸಿದೆವು. 1000 ಲೀಟರ್ ನೀರನ್ನು 600 ಅಡಿಯಿಂದ ಮೇಲೆತ್ತಲು ಏನೂ ನಷ್ಟವಾಗದಿದ್ದರೂ ಅರ್ಧ ಯೂನಿಟ್ ಬೇಕು. ಮೋಟರು, ಪೈಪು, ವೈರು ಇವುಗಳಲ್ಲಿ ಹೋಗುವ ನಷ್ಟ ಸೇರಿಸಿದರೆ ಒಂದು ಯೂನಿಟ್ ದಾಟುತ್ತದೆ. ಈಗ ನೋವಾಗುವ ರಟ್ಟೆ ನಮ್ಮದಲ್ಲ, ಮೋಟರಿನದು. ತೋಟದ ಪಂಪ್‌ಸೆಟ್ಟಿಗೆ 10 ಎಚ್.ಪಿ. ತನಕ ಬಿಲ್ಲಿಲ್ಲ, ಮನೆಗೂ ಗೃಹಜ್ಯೋತಿ ಬಂದಿದೆ. ಹಾಗಾಗಿ ನೋವು ಯಾರಿಗೂ ತಾಗುವುದಿಲ್ಲ. ಬೋರು ಮಾತ್ರ ಕೆಳಕ್ಕೆ ಹೋಗುತ್ತಲೇ ಇರುತ್ತದೆ.

ಇನ್ನು ನಮ್ಮ ಸಂಘದಲ್ಲೇ ನಡೆದ ಒಂದು ಸಂಗತಿ ಹೇಳಬೇಕು. ಬೆಳ್ಳಿ ಹಬ್ಬದ ದಿನ ಒಳ್ಳೆಯದನ್ನೇ ಹೇಳಬೇಕೆಂಬ ಪದ್ಧತಿ ಇದೆ. ಆದರೂ ಇದನ್ನು ಬಿಟ್ಟರೆ ನಮ್ಮ ಮಾತಿಗೆ ತಳವಿರುವುದಿಲ್ಲ.

2014ರ ಸರ್ವಸದಸ್ಯರ ಸಭೆ. ನಾವು ಹೊಸದಾಗಿ ನಿರ್ದೇಶಕರಾಗಿದ್ದೆವು. ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತಿದ್ದ ಅಜ್ಜಿಯೊಬ್ಬರು ಎದ್ದು ನಿಂತು, “ಏನ್ರಪ್ಪಾ, ಮಳೆ ಬಂದಾಗ ಡೈರಿ ಬಿಲ್ಡಿಂಗಿನ ನೀರೆಲ್ಲಾ ರೋಡಿಗೆ ಹೋಗುತ್ತೆ, ನಾವು ಆ ಕೆಸರು ತುಳ್ಕೊಂಡು ಹಾಲು ತರ್ತೀವಿ. ಒಂದು ತೊಟ್ಟಿ ಕಟ್ಟಿಸಿ ಅದರಲ್ಲಿ ಬಿಟ್ಕೊಳ್ಳಬಾರದಾ?” ಎಂದರು. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಗ ಒಬ್ಬರು, “ಮಳೇನೇ ಇಲ್ಲದ ಊರಲ್ಲಿ ಮಳೆ ನೀರಿನ ತೊಟ್ಟಿ ಏಕಜ್ಜಿ, ಕೋಳಿ ಸಾಕೋಕಾ?” ಎಂದರು. ಎಲ್ಲರೂ ನಕ್ಕರು. ಅಜ್ಜಿ ಕೂತರು. ವಿಷಯ ನಡಾವಳಿ ಪುಸ್ತಕದಲ್ಲೂ ಬರಲಿಲ್ಲ. ಆ ಮಾತು ಅಂದವರು ಬೇರೆ ಯಾರೂ ಅಲ್ಲ, ನಾವೇ.

2016ರಲ್ಲಿ ಮಳೆ ಕೈಕೊಟ್ಟಿತು. 2017ರ ಬೇಸಿಗೆ ಹೇಗಿತ್ತು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಹೊಸದುರ್ಗ, ಹಿರಿಯೂರು ಕಡೆ ಸುಳಿ ಒಣಗಿದ ತೆಂಗಿನ ತೋಟಗಳನ್ನು ಬಸ್ಸಿನಲ್ಲಿ ಹೋಗುವಾಗ ನೀವೂ ನೋಡಿದ್ದೀರಿ. ಏಪ್ರಿಲ್‌ನಲ್ಲಿ ಊರಿನ ನೀರಿನ ಬೋರು ನಿಂತಿತು. ಹನ್ನೊಂದು ದಿನ ಡೈರಿಗೆ ನಲ್ಲಿ ನೀರಿಲ್ಲ. ಟ್ಯಾಂಕರ್ ನೀರು ಮನೆಗಳಿಗೇ ಸಾಲದು, ಕ್ಯಾನು ತೊಳೆಯಲು ಕೊಡಿ ಎಂದು ಯಾವ ಮುಖ ಇಟ್ಟುಕೊಂಡು ಕೇಳುವುದು? ಎರಡು ಕೊಡದಲ್ಲಿ ಹೇಗೋ ಕ್ಯಾನುಗಳನ್ನು ಅಲ್ಲಾಡಿಸಿ ಚೆಲ್ಲುತ್ತಿದ್ದೆವು. ಮೂಲೆಯಲ್ಲಿ ಹಾಲಿನ ಜಿಡ್ಡು ಉಳಿದರೆ ಬಿಸಿಲಿಗೆ ಏನಾಗುತ್ತದೆ ಎಂದು ಹಾಲು ಕರೆಯುವವರಿಗೆಲ್ಲ ಗೊತ್ತು. ಒಂದೇ ವಾರದಲ್ಲಿ ಮೂರು ಸಲ ಹಾಲು ಹುಳಿ ಎಂದು ವಾಪಸ್ಸು ಬಂತು. ಆ ಬಟವಾಡೆಯಲ್ಲಿ ಎಲ್ಲರಿಗೂ ಕಡಿತವಾಯಿತು. ಅಜ್ಜಿಗೂ ಆಯಿತು. ಅವರು ದುಡ್ಡು ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡು ನಮ್ಮ ಮುಖ ನೋಡಿದರು. ಬಾಯಲ್ಲಿ ಏನೂ ಅನ್ನಲಿಲ್ಲ.

2018ರಲ್ಲಿ ತೊಟ್ಟಿ ಕಟ್ಟಿಸಿದೆವು. ಇದರ ಲೆಕ್ಕ ಸರಳ. ಒಂದು ಚದರ, ಅಂದರೆ 100 ಚದರಡಿ ಮಾಳಿಗೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 235 ಲೀಟರ್ ನೀರು. ನಮ್ಮ ಸೀಮೆಯ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು ಎಂದರೆ 24 ಇಂಚು. ಡೈರಿಯ ಮಾಳಿಗೆ 6 ಚದರ. ಚೆಲ್ಲಿದ್ದು ಆರಿದ್ದು ಕಳೆದು ನೂರಕ್ಕೆ 80ರಷ್ಟು ಸಿಕ್ಕಿದರೂ ವರ್ಷಕ್ಕೆ 27 ಸಾವಿರ ಲೀಟರ್. ಕ್ಯಾನು, ನೆಲ ತೊಳೆಯಲು ದಿನಕ್ಕೆ 150 ಲೀಟರ್ ಬೇಕು. ಹೆಚ್ಚುಕಡಿಮೆ ಅರ್ಧ ವರ್ಷದ್ದು ಮಾಳಿಗೆಯಿಂದಲೇ ಬಂತು. ಪೂರ್ತಿ ಬಂತೆಂದು ಸುಳ್ಳು ಹೇಳುವುದಿಲ್ಲ. ತೊಟ್ಟಿ 10 ಸಾವಿರ ಲೀಟರಿನದು, ಒಂದೇ ಸಲ ಜೋರು ಮಳೆ ಬಂದರೆ ತುಂಬಿ ಹೊರಗೂ ಹೋಗುತ್ತದೆ. ಕಟ್ಟಿದ ಮೇಲೆ ಅಜ್ಜಿ ಬಂದು ಇಣುಕಿ ನೋಡಿ, “ಮುಚ್ಚಳ ಎಲ್ಲಪ್ಪಾ?” ಎಂದರು. ಮುಚ್ಚಳವನ್ನೇ ಮರೆತಿದ್ದೆವು. ಬಿಸಿಲು ಬಿದ್ದರೆ ಪಾಚಿ, ಸಂದಿ ಇದ್ದರೆ ಸೊಳ್ಳೆ. ಮಾರನೇ ದಿನವೇ ಹಾಕಿಸಿದೆವು.

ಮಳೆಯೇ ಇಲ್ಲದ ಊರು ಎಂದು ಅಂದು ನಾವು ಅಂದದ್ದು ಎಷ್ಟು ತಪ್ಪು ಎನ್ನುವುದಕ್ಕೆ ದುರ್ಗದ ಕೋಟೆಯೇ ಸಾಕು. ಆ ಬಂಡೆಗಳ ಮೇಲೂ ಇದೇ ಮಳೆ ಬೀಳುವುದು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಒಂದು ಹೊಂಡ ಉಕ್ಕಿದ್ದು ಇನ್ನೊಂದಕ್ಕೆ ತುಂಬುವಂತೆ ಪಾಳೆಯಗಾರರ ಕಾಲದವರು ಮಾಡಿದ್ದರು. ಮೋಟರಿಲ್ಲ, ಕರೆಂಟಿಲ್ಲ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೊರಟಾಗಲೇ ಓಬವ್ವ ಕಿಂಡಿಯಲ್ಲಿ ಶತ್ರುಗಳನ್ನು ಕಂಡದ್ದು ಎಂದು ನಾವೆಲ್ಲ ಕೇಳಿದ್ದೇವೆ. ಕೋಟೆಯೊಳಗೆ ನೀರಿತ್ತು, ಅದಕ್ಕೇ ಹೋದಳು.

ಕೆಲವರು ಮಾರಿಕಣಿವೆ ತುಂಬಿತಲ್ಲ, ಇನ್ನೇನು ಎನ್ನುತ್ತಾರೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ನಾವೂ ಟೆಂಪೋ ಮಾಡಿಕೊಂಡು ಹೋಗಿ ನೋಡಿ ಕೈಮುಗಿದು ಬಂದೆವು. 2025ರಲ್ಲಿ ಇನ್ನೊಮ್ಮೆ ತುಂಬಿತು, ಸಂತೋಷ. ಆದರೆ ಜೋಗಿಮಟ್ಟಿ ತಪ್ಪಲಿನ ನಮ್ಮೂರು ಎತ್ತರದಲ್ಲಿದೆ. ಎರಡು ಕೋಡಿಗಳ ನಡುವೆಯೇ, 2024ರ ಬೇಸಿಗೆಯಲ್ಲಿ, ನಮ್ಮ ಬೀದಿಗೆ ಮತ್ತೆ ಟ್ಯಾಂಕರ್ ಬಂತು.

ಮನೆಗೆ ಬರೋಣ. ನಮ್ಮ ಮನೆ ಆರ್.ಸಿ.ಸಿ., 9 ಚದರ. ವರ್ಷಕ್ಕೆ 40 ಸಾವಿರ ಲೀಟರ್ ಹಿಡಿಯಬಹುದು. ಅಷ್ಟನ್ನೂ ಇಟ್ಟುಕೊಳ್ಳುವ ಯೋಗ್ಯತೆ ನಮಗಿಲ್ಲ. 5 ಸಾವಿರ ಲೀಟರ್ ತೊಟ್ಟಿ ಮಾಡಿಕೊಂಡೆವು. ಐದು ಜನರ ಅಡಿಗೆಗೆ, ಕುಡಿಯಲು ದಿನಕ್ಕೆ ಎರಡು ಕೊಡ, 30 ಲೀಟರ್. ತುಂಬಿದ ತೊಟ್ಟಿ 165 ದಿನ ಬರುತ್ತದೆ, ಅಂದರೆ ಹಿಂಗಾರು ಮುಗಿದಲ್ಲಿಂದ ಮುಂದಿನ ಮೇ ತಿಂಗಳ ಮಳೆಯ ತನಕ. ವರ್ಷದ ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಬೇಕು, ಧೂಳು ಹಕ್ಕಿ ಹಿಕ್ಕೆ ಹೋಗಲಿ. ಆಮೇಲೆ ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ತೊಟ್ಟಿಗೆ ಬಿಡುತ್ತೇವೆ. ಕುಡಿಯುವುದನ್ನು ಕಾಯಿಸಿ ಆರಿಸುತ್ತೇವೆ. ಸಿಮೆಂಟ್ ಶೀಟಿನ ಮನೆಯವರು ಆ ನೀರನ್ನು ಕುಡಿಯಬೇಡಿ, ಬಟ್ಟೆ ಬರೆಗೆ ಬಳಸಿ.

ಕುಡಿಯುವ ನೀರಿನ ಮಾತು ಬಂದದ್ದಕ್ಕೆ ಹೇಳುತ್ತೇವೆ. ನಮ್ಮ ಜಿಲ್ಲೆಯ ಎಷ್ಟೋ ಕಡೆ ಆಳದ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲು ಕಂದು ತಿರುಗುವುದು, ವಯಸ್ಸಾದವರಿಗೆ ಮಂಡಿ ಸೊಂಟ ಬಿಗಿಯುವುದು ಇದರಿಂದಲೂ ಬರುತ್ತದೆ. ಕಾಯಿಸಿದರೆ ಹೋಗುತ್ತದೆ ಎಂದು ನಮ್ಮ ತಾಯಿಯವರು ನಂಬಿದ್ದರು. ಹೋಗುವುದಿಲ್ಲ, ನೀರು ಇಂಗಿ ಇನ್ನೂ ಹೆಚ್ಚುತ್ತದೆ. ಮಳೆ ನೀರಿನಲ್ಲಿ ಆ ತೊಂದರೆ ಇಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನು ತರುವವರು ಅದರ ಹಿಂದೆ ಚರಂಡಿಗೆ ಹೋಗುವ ಪೈಪನ್ನು ಒಮ್ಮೆ ನೋಡಿ. ಶುದ್ಧ ಮಾಡಿ ಉಳಿದ ನೀರು ಅಲ್ಲಿ ಹೊತ್ತೂ ಹರಿಯುತ್ತಿರುತ್ತದೆ. ಅದು ದನಕ್ಕೆ ಕುಡಿಸಲು ಬಾರದು. ಕಕ್ಕಸಿಗೆ, ಕೊಟ್ಟಿಗೆ ತೊಳೆಯಲು ಧಾರಾಳವಾಗಿ ಆಗುತ್ತದೆ.

ಹೋದ ಬೇಸಿಗೆಯಲ್ಲಿ ಒಂದು ವಾರ ನಮ್ಮ ಮನೆಯವರೂ ಮಗಳೂ ಕೊಡದ ಲೆಕ್ಕ ಇಟ್ಟರು. ಕ್ಯಾಲೆಂಡರ್ ಹಿಂದೆ ಗೀಟು ಹಾಕುವುದು, ಅಷ್ಟೆ. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆದರೆ ಎಂಟು ಕೊಡ, ಬೋಗುಣಿಯಲ್ಲಿ ನೀರಿಟ್ಟುಕೊಂಡು ತೊಳೆದರೆ ಮೂರು. ಅಂಗಳಕ್ಕೆ ಪೈಪು ಹಿಡಿದರೆ ಆರು ಕೊಡ, ಬಕೆಟ್ಟಿನಲ್ಲಿ ಚಿಮುಕಿಸಿದರೆ ಒಂದು. ಹಿತ್ತಲ ನಲ್ಲಿಯ ವಾಷರ್ ಸವೆದು ಎಳೆಯಾಗಿ ಸೋರುತ್ತಿತ್ತು. ರಾತ್ರಿ ಕೆಳಗೆ ಕೊಡ ಇಟ್ಟು ಮಲಗಿದೆವು, ಬೆಳಿಗ್ಗೆ ತುಂಬಿ ಹರಿದಿತ್ತು. ವಾಷರಿನ ಬೆಲೆ ಒಂದು ಟೀ ದುಡ್ಡು. ಇನ್ನು ಹೆಚ್ಚು ಚೆಲ್ಲುವವರು ಯಾರೆಂದು ಆ ಗೀಟುಗಳಲ್ಲೇ ಬಂತು. ಟ್ರ್ಯಾಕ್ಟರ್, ಬೈಕು ತೊಳೆದದ್ದು ನಾವು. ಕಾರ್ಯದರ್ಶಿಗಳ ಮಾತು ಸುಳ್ಳಲ್ಲ.

ಬಚ್ಚಲ ವಿಷಯ. ಮಗಳು ಪಿ.ಯು.ಸಿ.ಗೆ ಸೇರಿದಾಗ ಬೆಳಗಿನ ಬಸ್ಸಿಗೆ ತಡವಾಗುತ್ತದೆಂದು ಕಾಯಿಲ್ ರಾಡು ತಂದೆವು. ನಾಲ್ಕು ಬಕೆಟ್ಟು, ಒಂದಕ್ಕೆ ಇಪ್ಪತ್ತೈದು ನಿಮಿಷ. 1500 ವ್ಯಾಟಿನ ರಾಡು, ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75. ಗೃಹಜ್ಯೋತಿಯಲ್ಲಿ 200 ಯೂನಿಟ್ ಪುಕ್ಕಟೆ ಅಂತ ಎಲ್ಲರ ಬಾಯಲ್ಲಿದೆ. ಹಾಗಲ್ಲ. 2023ರ ಜುಲೈನಿಂದ ಬಂದ ಆ ಯೋಜನೆಯಲ್ಲಿ ನಮ್ಮ ಹಿಂದಿನ ಸರಾಸರಿಗೆ ನೂರಕ್ಕೆ 10 ಸೇರಿಸಿ ಮಿತಿ ಹಾಕಿದರು. ನಮ್ಮ ಮನೆಯ ಸರಾಸರಿ 62, ಮಿತಿ 68. ರಾಡು ಬಂದ ತಿಂಗಳು 137 ಓಡಿ, ಮೇಲಿನದ್ದಕ್ಕೆಲ್ಲ ದುಡ್ಡು ಕಟ್ಟಿದೆವು. ಪುಕ್ಕಟೆ ಎಂದುಕೊಂಡು ಬಿಲ್ಲು ಬರಿಸಿಕೊಂಡ ಮೊದಲ ಮನೆ ನಮ್ಮದೇ ಇರಬೇಕು.

ಮತ್ತೆ ಹಂಡೆ ಒಲೆಗೆ ಬಂದೆವು, ಆದರೆ ಹಳೆಯ ಒಲೆಗಲ್ಲ. ಹಳೆಯದರಲ್ಲಿ ಬೆಂಕಿ ಹಂಡೆಗಿಂತ ಗೋಡೆಗೇ ಹೆಚ್ಚು ತಾಗುತ್ತಿತ್ತು, ಹೊಗೆ ನಮ್ಮ ಮನೆಯವರ ಕಣ್ಣಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ದವರು ಹಳ್ಳಿಗೆಂದೇ ಹೊಗೆರಹಿತ ಅಸ್ತ್ರ ಒಲೆ ಮಾಡಿದ್ದರು, ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅದರ ಹೊಗೆ ಕೊಳವೆ ಇನ್ನೂ ಇರಬಹುದು. ಅದೇ ಗುಟ್ಟು: ಒಲೆಯ ಬಾಯಿ ಚಿಕ್ಕದು, ಸೌದೆಯ ಕೆಳಗೆ ಜಾಲರಿ, ಗಾಳಿ ಕೆಳಗಿನಿಂದ, ಬೆಂಕಿ ಹಂಡೆಯ ಸುತ್ತ ಸುತ್ತಿ ಹೊಗೆ ಕೊಳವೆಗೆ ಹೋಗಬೇಕು. ಊರಿನ ಗಾರೆಯವರಿಗೆ ಹೇಳಿ ಹಾಗೆ ಕಟ್ಟಿಸಿದೆವು. ಮೊದಲು ಎಂಟು ತೆಂಗಿನ ಮಟ್ಟೆಗೆ ಕಾಯುತ್ತಿದ್ದ ನೀರು ಈಗ ನಾಲ್ಕಕ್ಕೆ ಕಾಯುತ್ತದೆ. ಗುಡ್ಡದ ಸೌದೆ ಒಂದು ಕಡ್ಡಿಯೂ ಬೇಡ. ಜೋಗಿಮಟ್ಟಿ 2015ರಲ್ಲಿ ವನ್ಯಧಾಮವಾಯಿತು. ಅದಕ್ಕೂ ಮೊದಲೇ ಕರಡಿಗೆ ಹೆದರಿಕೊಂಡು ಹೆಣ್ಣುಮಕ್ಕಳು ಹೊರೆ ತರುತ್ತಿದ್ದ ಕಷ್ಟ ನಮ್ಮ ಕಣ್ಣ ಮುಂದಿದೆ.

ಹಾಲು ಹಾಕುವ ನಮಗೆ ಗೊಬ್ಬರ ಗ್ಯಾಸು ಇನ್ನೊಂದು ದಾರಿ. 25 ಕೆ.ಜಿ. ಸಗಣಿಗೆ ದಿನಕ್ಕೆ ಒಂದು ಘನ ಮೀಟರ್ ಗ್ಯಾಸು ಬರುತ್ತದೆ. ಸಗಣಿ ಕಲಸಲು ಅಷ್ಟೇ ನೀರು ಬೇಕು, ಅದಕ್ಕೆ ಕೊಟ್ಟಿಗೆ ತೊಳೆದ ನೀರೇ ಸಾಕು, ಸೋಪು ಸೇರಿರಬಾರದು ಅಷ್ಟೆ. ದೀಪದ ಮಾತನ್ನು ಉದ್ದ ಮಾಡುವುದಿಲ್ಲ. 60 ವ್ಯಾಟಿನ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್, 9 ವ್ಯಾಟಿನ ಎಲ್.ಇ.ಡಿ. ಒಂದೂವರೆಯೂ ಇಲ್ಲ. ಹೆಚ್ಚಿನವರು ಬದಲಾಯಿಸಿದ್ದೀರಿ. ಕೊಟ್ಟಿಗೆಯ ಬಲ್ಬು ಮಾತ್ರ ಇನ್ನೂ ಹಳೆಯದೇ ಇರುತ್ತದೆ, ನೋಡಿಕೊಳ್ಳಿ. ಜೋಗಿಮಟ್ಟಿ ಸಾಲಿನ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿವೆ, ಕರೆಂಟಿಗೆ ಏನು ಬರ ಎನ್ನುವ ಹುಡುಗರೂ ಇದ್ದಾರೆ. ಫ್ಯಾನು ತಿರುಗಿದರೆ ಕರೆಂಟು ಬರುತ್ತದಪ್ಪಾ, ಬೋರಿಗೆ ನೀರು ಬರುವುದಿಲ್ಲ.

ಬೋರಿಗೆ ನೀರು ಇಳಿಸುವ ಕೆಲಸವೂ ಇದೆ. ನಮ್ಮ ಚಿತ್ರದುರ್ಗದವರೇ ಆದ ಭೂಜಲ ತಜ್ಞ ಎನ್.ಜೆ. ದೇವರಾಜ ರೆಡ್ಡಿಯವರು ಕೊಳವೆ ಬಾವಿ ಮರುಪೂರಣದ ಬಗ್ಗೆ ಊರೂರಿನಲ್ಲಿ ತಿಳಿಸುತ್ತ ಬಂದಿದ್ದಾರೆ. ಬೋರಿನ ಸುತ್ತ ಗುಂಡಿ ತೆಗೆದು ಕಲ್ಲು, ಜಲ್ಲಿ, ಮರಳು ತುಂಬಿ ಹೊಲದ ಮಳೆ ನೀರನ್ನು ಇಳಿಸುವುದು. ಅದು ತೋಟದ ವಿಷಯ, ನಮ್ಮ ಚೀಟಿಯಲ್ಲಿಲ್ಲ. ತೊಟ್ಟಿ ತುಂಬಿ ಉಕ್ಕಿದ್ದನ್ನು ಹಾಗೆ ಬಿಡಲು ಮುಂದಿನ ವರ್ಷ ಮಾಡಬೇಕೆಂದಿದ್ದೇವೆ.

ಕೊನೆಯದಾಗಿ ಒಂದು ಕೋರಿಕೆ. ಬೋರು ಕೊರೆಸಲು ಲಕ್ಷ ಸಾಲ ಮಾಡುತ್ತೇವೆ, ನೀರು ಬಂದರೆ ಬಂತು. ಮಾಳಿಗೆಗೆ ಪೈಪು, ಒಂದು ತೊಟ್ಟಿ ಎಂದರೆ ಕೈಯಲ್ಲಿ ದುಡ್ಡಿಲ್ಲ ಎನ್ನುತ್ತೇವೆ. ಸಂಘದಿಂದ ಪೈಪು, ಸಿಮೆಂಟು ಒಟ್ಟಿಗೆ ತರಿಸಿ ಸದಸ್ಯರಿಗೆ ಕೊಟ್ಟು, ಹದಿನೈದು ದಿನದ ಬಟವಾಡೆಯಲ್ಲಿ ಸಣ್ಣ ಸಣ್ಣ ಕಂತಾಗಿ ಹಿಡಿದುಕೊಳ್ಳಬಹುದು. ಪಶು ಆಹಾರಕ್ಕೆ ಹೀಗೆಯೇ ಹಿಡಿಯುತ್ತಿದ್ದೇವಲ್ಲ. ಈ ವಿಷಯವನ್ನು ಬರುವ ಸರ್ವಸದಸ್ಯರ ಸಭೆಗೆ ಬರೆದು ಕೊಟ್ಟಿದ್ದೇವೆ, ಅಜೆಂಡಾದಲ್ಲಿ ಬರುತ್ತದೆ. ಬೇಕಾದವರು ತಮ್ಮ ಮನೆ ಎಷ್ಟು ಚದರ ಎಂದು ಅಳೆದುಕೊಂಡು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಅಜ್ಜಿ ಈಗಿಲ್ಲ. ಅವರ ಸೊಸೆ ಹಾಲು ಹಾಕುತ್ತಾರೆ, ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಬರೆಸಿದ್ದಾರೆ. ಎರಡನೆಯದು ಖಾಲಿ ಇದೆ.